ಆಫೀಸ್ ಕಂಪ್ಯೂಟರ್ ಸಿಕ್ಕಾಪಟ್ಟೆ ಸ್ಲೋ, ಡಿಸ್ಕ್ ಯಾವಾಗಲೂ 100% – ಸಹಾಯ ಬೇಕು

ನಮಸ್ಕಾರ. ಆಫೀಸಿನಲ್ಲಿ ನನಗೆ ಕೊಟ್ಟಿರುವುದು ಏಳು ವರ್ಷದ ಹಳೇ ಡೆಸ್ಕ್‌ಟಾಪ್. 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೆಳಿಗ್ಗೆ ಆನ್ ಮಾಡಿ ಕಾಫಿ ಕುಡಿದು ಬಂದರೂ ಪರದೆ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಎಕ್ಸೆಲ್ ಫೈಲ್ ಸೇವ್ ಕೊಟ್ಟರೆ ಕಿಟಕಿ ಬಿಳಿಚಿಕೊಂಡು ಹಾಗೇ ನಿಲ್ಲುತ್ತದೆ.

ಟಾಸ್ಕ್ ಮ್ಯಾನೇಜರ್ ನೋಡಿದೆ. ಸಿಪಿಯು 15% ದಾಟುವುದಿಲ್ಲ, ಮೆಮೊರಿ 60% ಆಸುಪಾಸು, ಡಿಸ್ಕ್ ಮಾತ್ರ ಸದಾ 100%, ಆದರೆ ಓದುವ ವೇಗ ನೋಡಿದರೆ ಸೆಕೆಂಡಿಗೆ 2 ಎಂಬಿ ಕೂಡ ಇಲ್ಲ! ಸ್ಟಾರ್ಟಪ್ ಪ್ರೋಗ್ರಾಂಗಳನ್ನು ನಿಲ್ಲಿಸಿದೆ, ಟೆಂಪ್ ಫೈಲ್ ಅಳಿಸಿದೆ, ಆಂಟಿವೈರಸ್ ಸ್ಕ್ಯಾನನ್ನು ಊಟದ ಹೊತ್ತಿಗೆ ಹಾಕಿದೆ, ಏನೂ ಪ್ರಯೋಜನ ಆಗಲಿಲ್ಲ. ನಿನ್ನೆಯಿಂದ ಒಳಗೆ ಕಟ್ ಕಟ್ ಅಂತ ಸದ್ದು ಬೇರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಡಿಸ್ಕ್ ಪರೀಕ್ಷಿಸುವ ಪ್ರೋಗ್ರಾಂ ಹಾಕಿ ನೋಡಿದರೆ ಹಳದಿ ಬಣ್ಣದಲ್ಲಿ 'ಕಾಷನ್' (ಎಚ್ಚರಿಕೆ) ಅಂತಿದೆ, ಪೆಂಡಿಂಗ್ ಸೆಕ್ಟರ್ (ಡಿಸ್ಕಿನಲ್ಲಿ ಓದಲು ತೊಂದರೆ ಕೊಡುತ್ತಿರುವ ಜಾಗ) ಸಂಖ್ಯೆ ಸೊನ್ನೆ ಇಲ್ಲ.

ರಿಪೇರಿಯವರು ಸುಮ್ನೆ ರ‍್ಯಾಮ್ ಜಾಸ್ತಿ ಮಾಡಿಸಿ ಅನ್ನುತ್ತಾರೆ. ನನಗೆ ಡಿಸ್ಕ್ ಮೇಲೇ ಅನುಮಾನ, ಸರಿ ಅಲ್ವಾ? ಮುಖ್ಯ ಫೈಲ್‌ಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡಿದ್ದೇನೆ. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡ್ರೈವ್) ತಂದರೆ ಈ ಡಿಸ್ಕನ್ನೇ ಅದಕ್ಕೆ ಕ್ಲೋನ್ (ಇದ್ದ ಹಾಗೇ ನಕಲು) ಮಾಡಬಹುದಾ, ಅಥವಾ ಹಳೇ ಡಿಸ್ಕ್ ನಡುವೆ ಕೈಕೊಡುವ ಭಯಕ್ಕೆ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ವಾಸಿಯಾ? ಮಾಡಿ ನೋಡಿದವರು ದಯವಿಟ್ಟು ಹೇಳಿ, ತಿಂಗಳ ಕೊನೆಯ ಲೆಕ್ಕ ತಲೆ ಮೇಲಿದೆ.