ಬಿಸಿಯೂಟದ ನೆರಳಿಗೆ ಬಾಗಿದ ಚಪ್ಪರ: ಕಂಪ್ಯೂಟರಿನಿಂದ ಅಂಗಳಕ್ಕೆ ತರುವುದು ಹೇಗೆ?

ಕೇಳಿದವರು, ಬನಶಂಕರಿ:
ಎಲ್ಲರಿಗೂ ನಮಸ್ಕಾರ. ನಾನು ಆರ್ಕಿಟೆಕ್ಚರ್ ನಾಲ್ಕನೇ ವರ್ಷದ ವಿದ್ಯಾರ್ಥಿನಿ. ನಮ್ಮ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳು ಬಿಸಿಲಲ್ಲೇ ಕೂತು ಬಿಸಿಯೂಟ ಮಾಡುತ್ತಾರೆ. ನಾವು ಆರು ಜನ ಸೇರಿ ಅಲ್ಲೊಂದು ನೆರಳು ಕಟ್ಟಬೇಕು ಅಂತಿದ್ದೇವೆ. 6 ಮೀಟರ್ ಉದ್ದ, 6 ಮೀಟರ್ ಅಗಲ. ರೈನೋ, ಗ್ರಾಸ್‌ಹಾಪರ್ ಎಂಬ ವಿನ್ಯಾಸದ ತಂತ್ರಾಂಶಗಳಲ್ಲಿ ಚಿಪ್ಪಿನಂಥ ಆಕಾರ ಮಾಡಿದ್ದೇನೆ. ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ. 9 ಎಂಎಂ ಪ್ಲೈವುಡ್ ಕತ್ತರಿಸಿ ಜೋಡಿಸುವ ಯೋಚನೆ. ಆದರೆ ನಿಜಕ್ಕೂ ಕಟ್ಟಲು ಭಯ. ಕಟ್ಟಿ ನೋಡಿದವರು ನಿಮ್ಮ ಅನುಭವ ಹೇಳಿ.

ಆರ್ಕಿಟೆಕ್ಟ್, ರಾಜಾಜಿನಗರ:
ತಂಗಿ, ಭಯ ಇರುವುದು ಒಳ್ಳೆಯದೇ. ಪರದೆಯ ಮೇಲೆ ತೂಕ ಇಲ್ಲ, ಗಾಳಿ ಇಲ್ಲ. ಅಲ್ಲಿ ಎಂಥ ಆಕಾರವೂ ನಿಲ್ಲುತ್ತದೆ.

ಮೊದಲು ಹೇಳಿ, ಆಕಾರ ಹೇಗೆ ಬಂತು? ಕಣ್ಣಿಗೆ ಚೆಂದ ಅನಿಸುವ ಹಾಗೆ ಬಿಂದುಗಳನ್ನು ಎಳೆದು ಮಾಡಿದ್ದರೆ ಅದನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಅಮ್ಮನ ಒಂದು ಸರ ತಗೊಂಡು ಎರಡು ತುದಿ ಹಿಡಿದು ಜೋತುಬಿಡಿ. ಆ ಬಾಗನ್ನು ಸರದ ತೂಕವೇ ಕಂಡುಕೊಂಡಿದೆ. ತಲೆಕೆಳಗೆ ಮಾಡಿದರೆ ಅದೇ ಕಮಾನು. 1675ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಹೇಳಿದ್ದು ಇದನ್ನೇ. ಬಾರ್ಸಿಲೋನಾದ ಆರ್ಕಿಟೆಕ್ಟ್ ಗೌಡಿ ದಾರಗಳಿಗೆ ಪುಟ್ಟ ಚೀಲಗಳನ್ನು ಕಟ್ಟಿ ತೂಗುಬಿಟ್ಟು ಚರ್ಚಿನ ಆಕಾರ ಹುಡುಕಿದರು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಹೈಂಜ್ ಇಸ್ಲರ್ ಬಟ್ಟೆ ತೂಗುಹಾಕಿ ತಮ್ಮ ಕಾಂಕ್ರೀಟ್ ಚಿಪ್ಪುಗಳನ್ನು ಕಂಡುಕೊಂಡರು. ಗ್ರಾಸ್‌ಹಾಪರ್ ಜೊತೆಗಿರುವ ಕಾಂಗರೂ ಎಂಬ ಪ್ರೋಗ್ರಾಂ ಕೂಡ ಇದೇ ಕೆಲಸ ಮಾಡುತ್ತದೆ. ಒಂದು ಜಾಲರಿ ಕೊಡಿ, ಮೂಲೆಗಳನ್ನು ಕಟ್ಟಿಹಾಕಿ, ಉಳಿದ ಬಿಂದುಗಳಿಗೆ ತೂಕ ಕೊಡಿ. ಜಾಲರಿ ತಾನೇ ಜೋಲುತ್ತದೆ.

ಆದರೆ ಅದಕ್ಕೂ ಮುಂಚೆ ಕೈಯಲ್ಲಿ ಒಮ್ಮೆ ಮಾಡಿ. ಹಳೇ ಪಂಚೆಯ ತುಂಡು, ಪ್ಲಾಸ್ಟರ್ ಆಫ್ ಪ್ಯಾರಿಸ್, ಒಂದು ಸ್ಟೂಲ್ ಸಾಕು. ಬಟ್ಟೆ ಅದ್ದಿ, ತಲೆಕೆಳಗೆ ಇಟ್ಟ ಸ್ಟೂಲಿನ ನಾಲ್ಕು ಕಾಲಿಗೆ ಕಟ್ಟಿ. ಗಟ್ಟಿಯಾದ ಮೇಲೆ ತಿರುಗಿಸಿ ಅಂಚನ್ನು ಬೆರಳಲ್ಲಿ ಒತ್ತಿ. ನಡುವೆ ಗಟ್ಟಿ, ಅಂಚು ಮೆತ್ತಗೆ. ನಿಮ್ಮ ಪ್ಲೈವುಡ್ ಚಿಪ್ಪಿನಲ್ಲೂ ಅಷ್ಟೇ. ಅಂಚಿಗೆ ಎರಡು ಪದರ ಕೊಡಿ.

ಇನ್ನೊಂದು ವಿಷಯ. ಮಲೆನಾಡಿನಲ್ಲಿ ನಾಟಿ ಮಾಡುವಾಗ ಬೆನ್ನಿಗೆ ಹಾಕಿಕೊಳ್ಳುವ ಗೊರಬು ನೋಡಿದ್ದೀರಾ? ಬಿದಿರಿನ ಕಡ್ಡಿ, ಒಣ ಎಲೆ, ಅಷ್ಟೇ. ಎತ್ತಿದರೆ ಹಗುರ. ಆದರೂ ಜಡಿಮಳೆಗೆ ಕುಸಿಯುವುದಿಲ್ಲ, ಯಾಕೆಂದರೆ ಅದು ಎರಡು ದಿಕ್ಕಿಗೂ ಬಾಗಿದೆ. ಚಿಪ್ಪು ಅಂದರೆ ಏನು ಅಂತ ನನಗೆ ಅರ್ಥ ಆದದ್ದು ಅಜ್ಜಿ ಮನೆಯ ಗೊರಬನ್ನು ಕೈಗೆತ್ತಿಕೊಂಡ ದಿನ. ಒಂದೇ ದಿಕ್ಕಿಗೆ ಬಾಗಿದ ಹಾಳೆಯನ್ನು ಸುಲಭವಾಗಿ ಚಪ್ಪಟೆ ಮಾಡಬಹುದು. ಎರಡು ಕಡೆ ಬಾಗಿದ್ದನ್ನು ಹರಿಯದೆ ಚಪ್ಪಟೆ ಮಾಡಲು ಆಗುವುದಿಲ್ಲ. ಅದರ ಬಲ ಅಲ್ಲಿದೆ. ಪ್ಲೈವುಡ್ ಶೀಟಿನಿಂದ ಮಾಡುವಾಗ ನಿಮ್ಮ ಕಷ್ಟವೂ ಅಲ್ಲೇ ಇದೆ. ಅದಕ್ಕೇ ಸಣ್ಣ ಸಣ್ಣ ತುಂಡು ಮಾಡಬೇಕಾಗುವುದು.

ನಮ್ಮ ಮೊದಲ ಚಪ್ಪರದಲ್ಲಿ 140 ತುಂಡುಗಳಿದ್ದವು, ಒಂದರಂತೆ ಇನ್ನೊಂದಿಲ್ಲ. ಅರ್ಧ ಕತ್ತರಿಸಿ ಆಗಿತ್ತು. ಯಾರೋ ಅಳತೆ ಬದಲಿಸುವ ಒಂದು ಸ್ಲೈಡರ್ ಸ್ವಲ್ಪ ಸರಿಸಿದರು. ಗ್ರಾಸ್‌ಹಾಪರ್ ಎಲ್ಲ ತುಂಡುಗಳಿಗೂ ಹೊಸ ನಂಬರ್ ಕೊಟ್ಟುಬಿಟ್ಟಿತು. ಹಳೇ 37 ಈಗ 41. ನಮಗೆ ಗೊತ್ತಾದದ್ದು ಅಂಗಳದಲ್ಲಿ, ಜೋಡಿಸುವಾಗ. ಎರಡು ದಿನ ನೆಲದ ಮೇಲೆ ತುಂಡು ಹರಡಿಕೊಂಡು ಕೂತಿದ್ದೆವು. ಕತ್ತರಿಸಲು ಕೊಡುವ ದಿನ ಮಾಡೆಲ್ ಬೇಕ್ ಮಾಡಿ, ಅಂದರೆ ಸ್ಲೈಡರ್ ಸರಿಸಿದರೂ ಬದಲಾಗದ ಹಾಗೆ ರೈನೋದಲ್ಲಿ ಉಳಿಸಿ, ಫೈಲಿಗೆ ಬೀಗ ಹಾಕಿ. ಆಮೇಲೆ ಯಾರೂ ಮುಟ್ಟಬಾರದು.

ಸ್ಟ್ರಕ್ಚರಲ್ ಎಂಜಿನಿಯರ್, ಮಲ್ಲೇಶ್ವರ:
ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ತೂಗುಬಿಡುವ ವಿಧಾನ ಭಾರದ ವಸ್ತುವಿಗೆ ಚೆನ್ನ. 2016ರಲ್ಲಿ ವೆನಿಸ್‌ನಲ್ಲಿ 399 ಸುಣ್ಣಕಲ್ಲಿನ ತುಂಡುಗಳನ್ನು ಗಾರೆಯೇ ಇಲ್ಲದೆ ಜೋಡಿಸಿ ಚಿಪ್ಪು ನಿಲ್ಲಿಸಿದರು. ಅಲ್ಲಿ ಕಲ್ಲಿನ ತೂಕವೇ ಅದನ್ನು ಹಿಡಿದಿತ್ತು. ನಿಮ್ಮದು ಪ್ಲೈವುಡ್. ಲೆಕ್ಕ ಹಾಕಿ ನೋಡೋಣ.

9 ಎಂಎಂ ಪ್ಲೈ ಒಂದು ಚದರ ಮೀಟರಿಗೆ ಸುಮಾರು 6 ಕೆಜಿ. 36 ಚದರ ಮೀಟರಿಗೆ 220 ಕೆಜಿ ಹತ್ತಿರ. ಈಗ ಗಾಳಿ. ಕಟ್ಟಡಗಳ ಮೇಲಿನ ಭಾರಕ್ಕೆ ಇರುವ ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಕೊಟ್ಟಿರುವ ಮೂಲ ವೇಗ ಸೆಕೆಂಡಿಗೆ 33 ಮೀಟರ್. ವೇಗದ ವರ್ಗವನ್ನು (33 × 33) 0.6ರಿಂದ ಗುಣಿಸಿದರೆ ಗಾಳಿಯ ಒತ್ತಡ ಸಿಗುತ್ತದೆ: ಚದರ ಮೀಟರಿಗೆ ಸುಮಾರು 650 ನ್ಯೂಟನ್, ಅಂದರೆ 66 ಕೆಜಿ ತೂಕದಷ್ಟು. ಇಡೀ ಚಪ್ಪರಕ್ಕೆ ಎರಡು ಟನ್ ಮೀರುತ್ತದೆ. ಆಕಾರ, ಎತ್ತರ, ಎಷ್ಟು ವರ್ಷ ಇರುತ್ತದೆ ಅನ್ನುವುದರ ಮೇಲೆ ಇದು ಬದಲಾಗುತ್ತದೆ. ಅರ್ಧ ಅಂದುಕೊಂಡರೂ ಒಂದು ಟನ್ ಮೇಲಕ್ಕೆ ಎಳೆಯುತ್ತದೆ, ಕೆಳಕ್ಕೆ ಹಿಡಿಯಲು ಇರುವುದು 220 ಕೆಜಿ. ಮೇ ತಿಂಗಳ ಸಂಜೆ ಮಳೆಗೆ ಮುಂಚೆ ಬರುವ ಗಾಳಿ ನೆನಪಿದೆ ಅಲ್ವಾ? ಮರಗಳನ್ನೇ ಉರುಳಿಸುತ್ತದೆ.

ಹಾಗಾಗಿ ಮೊದಲು ಪಾದ, ಅಂದರೆ ಅಡಿಪಾಯ, ವಿನ್ಯಾಸ ಮಾಡಿ. ನಾಲ್ಕು ಪಾದ, ಒಂದೊಂದಕ್ಕೂ ಕಾಲು ಘನ ಮೀಟರ್ ಕಾಂಕ್ರೀಟ್ ಹಾಕಿದರೆ ಒಟ್ಟು 2,400 ಕೆಜಿ. ಚಿಪ್ಪು ಮತ್ತು ಪಾದ ಸೇರುವ ಕಡೆ ಬೋಲ್ಟು, ಉಕ್ಕಿನ ತಟ್ಟೆ ಬೇಕೇ ಬೇಕು. ಮಕ್ಕಳು ಕೆಳಗೆ ಕೂರುತ್ತಾರೆ. ಕಟ್ಟುವ ಮುಂಚೆ ಒಬ್ಬ ಎಂಜಿನಿಯರ್ ಲೆಕ್ಕ ನೋಡಿ ಸಹಿ ಹಾಕಲೇಬೇಕು. ಇದರಲ್ಲಿ ರಾಜಿ ಬೇಡ.

ಸಿಎನ್‌ಸಿ ಕಟಿಂಗ್ ಮಾಡುವವರು, ಪೀಣ್ಯ:
ಮೇಡಂ, ಸಿಎನ್‌ಸಿ ಅಂದರೆ ಕಂಪ್ಯೂಟರ್ ಫೈಲ್ ನೋಡಿ ತಾನೇ ಕತ್ತರಿಸುವ ಮೆಷಿನ್. ಹುಡುಗರು ತರುವ ಫೈಲುಗಳಲ್ಲಿ ಪ್ಲೈ ದಪ್ಪ ಯಾವಾಗಲೂ ಸರಿಯಾಗಿ 9 ಇರುತ್ತದೆ. ಅಂಗಡಿಯ 9 ಎಂಎಂ ಅಳೆದರೆ 8.6 ಇರಬಹುದು, ಪಕ್ಕದ ಶೀಟು 8.9 ಇರಬಹುದು. ವರ್ನಿಯರ್ (ದಪ್ಪ ಅಳೆಯುವ ಉಪಕರಣ) ಹಿಡಿದು ಪ್ರತಿ ಶೀಟೂ ಅಳೆಯಿರಿ. ಮೊದಲು ಒಂದು ಚೂರು ಪ್ಲೈಯಲ್ಲಿ 0.1 ಎಂಎಂ ವ್ಯತ್ಯಾಸದ ಐದಾರು ಗಾಡಿ, ಅಂದರೆ ಇನ್ನೊಂದು ತುಂಡು ಕೂರುವ ಸೀಳು, ಕೊರೆಸಿ. ಕೈಯಲ್ಲಿ ಒತ್ತಿದರೆ ಕೂರುವುದು ಯಾವುದೋ ಅದು ನಿಮ್ಮ ಅಳತೆ.

ನಮ್ಮ ಬಿಟ್ (ತಿರುಗಿ ಕೊರೆಯುವ ಅಲಗು) 6 ಎಂಎಂ. ಒಳಮೂಲೆ ಚೌಕಾಕಾರ ಬರುವುದಿಲ್ಲ, ದುಂಡಗೆ ಉಳಿಯುತ್ತದೆ. ಮೂಲೆಗೆ ಸ್ವಲ್ಪ ಹೆಚ್ಚು ಕೊರೆಯುವಂತೆ ಫೈಲಲ್ಲೇ ಡಾಗ್‌ಬೋನ್ ಹಾಕಿ. ಶೀಟು 8 ಅಡಿ, 4 ಅಡಿ. ತುಂಡಿನ ಮೇಲೆ ನಂಬರನ್ನು ಮೆಷಿನ್ನಿನಲ್ಲೇ ಬರೆಸಿ, ಪೆನ್ಸಿಲ್ ಮಳೆಗೆ ಹೋಗುತ್ತದೆ. ಹೊರಗಿಡುವುದಾದರೆ ಐಎಸ್ 710 ಮೆರೈನ್ ಪ್ಲೈ ತಗೊಳ್ಳಿ. ಕತ್ತರಿಸಿದ ಅಂಚಿಗೆ ಅವತ್ತೇ ಸೀಲರ್ ಹಚ್ಚಿ. ನೀರು ಕುಡಿಯುವುದು ಅಂಚಿನಿಂದ.

ಶಾಲೆ ಮೇಷ್ಟ್ರು, ಕೆಂಗೇರಿ:
ಕಟ್ಟುವ ವಿಷಯ ನನಗೆ ಗೊತ್ತಿಲ್ಲಮ್ಮ, ಮಕ್ಕಳ ವಿಷಯ ಗೊತ್ತು. ನೆಲಕ್ಕೆ ಇಳಿಯುವ ಚಿಪ್ಪಿನ ಮೇಲೆ ಮೊದಲ ದಿನವೇ ಹತ್ತುತ್ತಾರೆ, ಜಾರುತ್ತಾರೆ. ಹತ್ತು ಮಕ್ಕಳ ತೂಕ ಒಂದೇ ಕಡೆ ಬೀಳುತ್ತದೆ ಅಂತ ಲೆಕ್ಕ ಹಾಕಿ.

ನೆರಳಿನದ್ದೂ ಹೇಳುತ್ತೇನೆ. ನಾವು ಧ್ವಜಸ್ತಂಭದ ನೆರಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸುತ್ತೇವೆ. ಆಗಸ್ಟ್ ಮಧ್ಯದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ, ನೆರಳು ಕಂಬದ ಬುಡದಲ್ಲೇ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. 3 ಮೀಟರ್ ಎತ್ತರದ ಚಪ್ಪರದ ನೆರಳು ಆಗ ಎರಡು ಮೀಟರಿಗಿಂತ ಜಾಸ್ತಿ ಉತ್ತರಕ್ಕೆ ಬೀಳುತ್ತದೆ. ದಕ್ಷಿಣದ ಸಾಲಿನ ಮಕ್ಕಳು ಬಿಸಿಲಲ್ಲಿ ಕೂರುತ್ತಾರೆ. ದಕ್ಷಿಣದ ಅಂಚನ್ನು ಸ್ವಲ್ಪ ತಗ್ಗಿಸಿದರೆ ಆಗಬಹುದೇನೋ, ನೋಡಿ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ದಕ್ಷಿಣದ ವಿಷಯ ನಮಗೆ ಹೊಳೆದೇ ಇರಲಿಲ್ಲ. ಪಂಚೆ ಪ್ರಯೋಗ ಈ ಭಾನುವಾರ ಮಾಡುತ್ತೇವೆ. ಪೀಣ್ಯದ ಅಣ್ಣ, ಮೊದಲು ಇಡೀ ಚಪ್ಪರದ ಸಣ್ಣ ಮಾಡೆಲ್ ಕತ್ತರಿಸಬೇಕಾ, ಅಥವಾ ಒಂದು ಜಾಯಿಂಟ್ ಸಾಕಾ?

ಸಿಎನ್‌ಸಿ ಕಟಿಂಗ್ ಮಾಡುವವರು, ಪೀಣ್ಯ:
ಎರಡೂ ಮಾಡಿ. ಚಿಕ್ಕದನ್ನು 3 ಎಂಎಂ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಲೇಸರ್ ಕಟಿಂಗ್ ಮಾಡಿಸಿ, ಜೋಡಿಸುವ ಕ್ರಮ ಗೊತ್ತಾಗುತ್ತದೆ. ಯಾವ ತುಂಡು ಮೊದಲು, ಯಾವುದು ಕೊನೆಗೆ ಸೇರುವುದೇ ಇಲ್ಲ, ಎಲ್ಲ ಅಲ್ಲೇ ಕಾಣುತ್ತದೆ. ಆದರೆ ಬಲ ಅದರಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಪೂರ್ತಿ ಅಳತೆಯ ಮೂರು ತುಂಡು ಕತ್ತರಿಸಿ, ಬೋಲ್ಟ್ ಹಾಕಿ, ಒಂದು ವಾರ ಟೆರೇಸ್ ಮೇಲೆ ಮಳೆಗೆ ಬಿಡಿ. ಆಮೇಲೆ ಅದರ ಮೇಲೆ ನಿಂತು ನೋಡಿ. ಶನಿವಾರ ಮಧ್ಯಾಹ್ನ ನಮ್ಮಲ್ಲಿ ಮೆಷಿನ್ ಖಾಲಿ ಇರುತ್ತದೆ. ಒಂದು ಶೀಟು ತಗೊಂಡು ಬನ್ನಿ.