‘ಸಮುದಾಯ’ ಅಂದರೆ ಜಾತಿ ಅಂದುಕೊಳ್ಳುತ್ತಾರೆ, ಬೇರೆ ಪದ ಇದೆಯಾ?

ಗೆಳೆಯರೇ,

ಬೆಂಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಎರಡನೇ ವರ್ಷದ ಮಕ್ಕಳು ಯಲಹಂಕದ ಕಡೆಯ ಒಂದು ಕೆರೆಯ ಸುತ್ತಲಿನ ಹಳಬರ ಜೊತೆ ಸೇರಿ ಆ ಕೆರೆಯ ಕತೆ ಬರೆದಿಡುತ್ತಿದ್ದಾರೆ. ಮನೆಮನೆಗೆ ಹಂಚಲು ಒಂದು ಚೀಟಿ ಬೇಕಿತ್ತು. ಇಂಗ್ಲಿಷಿನಲ್ಲಿದ್ದುದನ್ನು (ಅಂಡರ್‌ಗ್ರಾಜುಯೇಟ್, ಕಮ್ಯುನಿಟಿ ಬೇಸ್ಡ್ ರಿಸರ್ಚ್) ಫೋನಿನಲ್ಲೇ ಕನ್ನಡ ಮಾಡಿದರು: ‘ಪದವಿಪೂರ್ವ ವಿದ್ಯಾರ್ಥಿಗಳ ಸಮುದಾಯ ಆಧಾರಿತ ಸಂಶೋಧನೆ’.

ಮೊದಲ ಪದದ ತಪ್ಪು ಸುಲಭ. ನಮ್ಮಲ್ಲಿ ಪದವಿಪೂರ್ವ ಅಂದರೆ ಪಿಯುಸಿ. ಸ್ನಾತಕೋತ್ತರ ಎಲ್ಲರಿಗೂ ಗೊತ್ತು, ಬರೀ ‘ಸ್ನಾತಕ’ ಅನ್ನುವವರು ಕಡಿಮೆ. ‘ಡಿಗ್ರಿ ಓದುವ ಮಕ್ಕಳು’ ಅಂತ ತಿದ್ದಿದೆವು.

ಸಿಕ್ಕಿಹಾಕಿಕೊಂಡದ್ದು ‘ಸಮುದಾಯ’ದಲ್ಲಿ. ಮೂರನೇ ಮನೆಯ ಅಜ್ಜಿ, ‘ಯಾವ ಸಮುದಾಯದವರಪ್ಪ ನೀವು?’ ಅಂದರು. ಹುಡುಗ, ‘ಎಲ್ಲಾ ಸಮುದಾಯ ಅಜ್ಜಿ’ ಅಂದ. ‘ಓ, ಜಾತಿ ಗಣತಿನಾ? ಅದು ಬರೆಸಿಯಾಯ್ತಲ್ಲ’ ಅಂತ ಬಾಗಿಲು ಅರ್ಧ ಮುಚ್ಚಿದರು. ಅವರದೇನು ತಪ್ಪು? ಪೇಪರಿನಲ್ಲಿ ‘ಸಮುದಾಯದ ಮುಖಂಡರು’ ಅಂದರೆ ಜಾತಿಯ ಮುಖಂಡರೇ ಅಲ್ವಾ. ಸಮುದಾಯ ಆರೋಗ್ಯ ಕೇಂದ್ರ, ಸಮುದಾಯ ಭವನ, ಇಂಥ ಕಡೆ ಮಾತ್ರ ಬೇರೆ ಅರ್ಥ ಉಳಿದಿದೆ. (ಭವನದ ಬೋರ್ಡಿನ ಮೇಲೂ ಎಷ್ಟೋ ಕಡೆ ಜಾತಿಯ ಹೆಸರಿರುತ್ತದೆ, ಆ ಮಾತು ಬೇರೆ.)

‘ಆಧಾರಿತ’ದ ಮೇಲೂ ನನಗೆ ತಕರಾರಿದೆ. ‘ಕಾದಂಬರಿ ಆಧಾರಿತ ಸಿನಿಮಾ’ ಅನ್ನುವಾಗ ಕಾದಂಬರಿ ಬರೀ ಸರಕು. ಇಲ್ಲಿ ಜನ ಸರಕಲ್ಲ, ಏನನ್ನು ಹುಡುಕಬೇಕು ಅಂತ ಹೇಳುವವರೂ ಅವರೇ. ಅದೇ ಅಜ್ಜಿ ಆಮೇಲೆ ಕೂರಿಸಿಕೊಂಡು, ‘ಹಳೇ ತೂಬು ಎಲ್ಲಿ ಮುಚ್ಚೋಯ್ತು, ಮೊದಲು ಅದನ್ನ ನೋಡ್ರಪ್ಪ’ ಅಂದರು. ಅವರ ಮಾವ ನೀರುಗಂಟಿ. ತೂಬು ತೆಗೆದು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುತ್ತಿದ್ದವರು. ಈಗ ನಮ್ಮ ಮೊದಲ ಪ್ರಶ್ನೆ ತೂಬಿನದೇ.

ವರದಿಯಲ್ಲಿ ಅವರನ್ನು ‘ಮಾಹಿತಿದಾರರು’ ಅಂತ ಬರೆದಿದ್ದರು. ಅವರ ಮೊಮ್ಮಗ ಓದಿ ನಕ್ಕ: ‘ನಮ್ಮಜ್ಜಿ ಯಾವ ಸ್ಟೇಷನ್ನಿಗೆ ಸುದ್ದಿ ಕೊಡೋದು?’ ಜಾನಪದದವರು ‘ವಕ್ತೃ’ ಅನ್ನುತ್ತಾರೆ. ಪದ ಸರಿ, ಮಕ್ಕಳ ನಾಲಿಗೆ ಒಪ್ಪಲಿಲ್ಲ. ಸದ್ಯಕ್ಕೆ ‘ಹೇಳಿದವರು’ ಅಂತ ಹಾಕಿದ್ದೇವೆ.

ಇನ್ನು ತಲೆಬರಹ. ‘ಕೇರಿ’ ಅಂದರೆ ಮತ್ತೆ ಜಾತಿಗೇ ಬಂದೆವು. ‘ನೆರೆಹೊರೆ’ ಪಕ್ಕದ ನಾಲ್ಕು ಮನೆಗೇ ನಿಲ್ಲುತ್ತದೆ. ‘ಸೇವೆ’ ಅನ್ನೋಣ ಅಂದರೆ 1969ರಿಂದ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಇದೆ, ಜನ ಪೊರಕೆ ಎಲ್ಲಿ ಅಂತಾರೆ. ‘ಹತ್ತು ಸಮಸ್ತರು’, ಅಂದರೆ ಊರವರೆಲ್ಲ ಅನ್ನುವ ಹಳೇ ಮಾತು, ನನಗೆ ತುಂಬಾ ಇಷ್ಟ. ಅಪಾರ್ಟ್‌ಮೆಂಟಿನವರಿಗೆ ಹೊಳೆಯಲಿಕ್ಕಿಲ್ಲ. ಅಲ್ಲದೆ ಹಿಂದೆ ಆ ಹತ್ತರಲ್ಲಿ ಊರಾಚೆಯವರನ್ನೂ ಸೇರಿಸಿಕೊಳ್ಳುತ್ತಿದ್ದರಾ ಅನ್ನುವ ಅನುಮಾನ ಬೇರೆ.

ಒಬ್ಬ ಹುಡುಗಿ ‘ಊರಿನವರ ಜೊತೆ ಹುಡುಕಾಟ’ ಅಂತ ಬರೆದಿದ್ದಾಳೆ. ವಿಶ್ವವಿದ್ಯಾಲಯದ ಕಾಗದದಲ್ಲಿ ‘ಹುಡುಕಾಟ’ ಅಂದರೆ ಏನೋ ಕಳೆದುಹೋದ ಹಾಗೆ ಕೇಳುತ್ತದಾ? ತೂಬಂತೂ ಕಳೆದೇ ಹೋಗಿದೆ. ಧಾರವಾಡ, ಮಂಗಳೂರು ಕಡೆ ಏನನ್ನುತ್ತೀರಿ, ತಿಳಿಸಿ. ಚೀಟಿ ಮುಂದಿನ ವಾರ ಅಚ್ಚಿಗೆ ಹೋಗಬೇಕು.