ಆಂಬುಲೆನ್ಸ್ ಬಾಡಿಗೆಯೂ ಜಿಡಿಪಿಗೆ ಸೇರುತ್ತದೆಯಾ?

ಕುಮಟಾದ ಮೇಡಂ:
ನಾನು ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. ಇಲ್ಲಿ ನೋಡಿದವರು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಅಂದರು. ನೂರು ಕಿಲೋಮೀಟರಿಗಿಂತ ಜಾಸ್ತಿ ದಾರಿ. ಭಟ್ಕಳ ದಾಟುವವರೆಗೂ ಅಪ್ಪ ನನ್ನ ವೇಲಿನ ತುದಿ ಬಿಡಲಿಲ್ಲ. ಪುಣ್ಯಕ್ಕೆ ಉಳಿದರು.

ಆಮೇಲೆ ಒಂದು ದಿನ ರಾಷ್ಟ್ರೀಯ ಆದಾಯದ ಪಾಠ ಮಾಡುವಾಗ ಮಾತು ನಿಂತುಹೋಯಿತು. ಆ ಆಂಬುಲೆನ್ಸ್ ಬಾಡಿಗೆ, ಲಾಡ್ಜು, ಹೋಟೆಲ್ ಊಟ ಎಲ್ಲ ಜಿಡಿಪಿಗೆ, ಅಂದರೆ ದೇಶದಲ್ಲಿ ವರ್ಷಕ್ಕೆ ತಯಾರಾಗುವ ಸರಕು-ಸೇವೆಗಳ ಒಟ್ಟು ಬೆಲೆಗೆ, ಸೇರಿತು ಅಲ್ವಾ? ಹತ್ತಿರದಲ್ಲೇ ಹೃದಯದ ಡಾಕ್ಟರ್ ಸಿಕ್ಕಿದ್ದರೆ ಆ ಖರ್ಚೇ ಇರುತ್ತಿರಲಿಲ್ಲ. ಜನರ ನೆಮ್ಮದಿಯನ್ನೂ ಅಳೆದು ಬಜೆಟ್ ಮಾಡುವವರು ಎಲ್ಲಾದರೂ ಇದ್ದಾರಾ?

ಕಾರವಾರದ ನಿವೃತ್ತ ನೌಕರ:
ಸೇರುತ್ತದೆ ತಂಗಿ. ಅಮೆರಿಕದಲ್ಲಿ ಈ ಲೆಕ್ಕ ಹಾಕಿಕೊಟ್ಟ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ ಎಚ್ಚರಿಸಿದ್ದರು, ರಾಷ್ಟ್ರೀಯ ಆದಾಯ ನೋಡಿ ಜನ ಚೆನ್ನಾಗಿದ್ದಾರೆ ಅಂತ ಹೇಳಲು ಬರುವುದಿಲ್ಲ ಎಂದು. ನ್ಯೂಜಿಲೆಂಡ್ 2019ರಲ್ಲಿ ಜನರ ಒಳಿತಿನದೇ ಬಜೆಟ್ ಮಂಡಿಸಿತು. ಮಾನಸಿಕ ಆರೋಗ್ಯ, ಮಕ್ಕಳ ಬಡತನ ಅದರಲ್ಲಿ ಮುಂದೆ ಬಂದವು. ನಮ್ಮ ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ 12 ಸೂಚಕಗಳಿವೆ. ಪೌಷ್ಟಿಕತೆ, ಶಾಲೆ, ಅಡುಗೆ ಇಂಧನ, ಶೌಚಾಲಯ, ಬ್ಯಾಂಕ್ ಖಾತೆ ಹೀಗೆ. ಒಳ್ಳೆಯ ಕೆಲಸವೇ. ಆದರೆ ಆಸ್ಪತ್ರೆ ಎಷ್ಟು ದೂರ ಅನ್ನುವುದು ಅದರಲ್ಲಿ ಇಲ್ಲ.

ಶಿರಸಿ ಕಡೆಯ ಅಡಿಕೆ ಬೆಳೆಗಾರ:
ಖುಷಿಯಾಗಿದ್ದೀರಾ ಅಂತ ಕೇಳಿದರೆ ಏನೂ ತಿಳಿಯುವುದಿಲ್ಲ. ನಮ್ಮ ಆಯಿಗೆ ಮಂಡಿ ನೋವಿದ್ದರೂ ‘ಅಡ್ಡಿಲ್ಲೆ’ (ಪರವಾಗಿಲ್ಲ), ಜ್ವರ ಬಂದರೂ ‘ಅಡ್ಡಿಲ್ಲೆ’. ಅಡಿಕೆಗೆ ರೇಟು ಬಂದ ವರ್ಷ ನಮ್ಮ ಆದಾಯ ಏರಿತು. ಅದೇ ವರ್ಷ ತಮ್ಮ ಬೆಂಗಳೂರಿಗೆ ಹೋದ. ಈಗ ಸಂಜೆ ಆಯಿ ಜಗಲಿ ಮೇಲೆ ಒಬ್ಬಳೇ ಕೂತು ಕವಳ ಹಾಕುತ್ತಾಳೆ. ಎದುರಿನ ಮಣೆ ಖಾಲಿ. ಹಾಗಾಗಿ ಬೇರೆ ಥರ ಕೇಳಬೇಕು. ಭೂತಾನಿನ ಒಟ್ಟು ರಾಷ್ಟ್ರೀಯ ಸಂತೋಷದ ಸೂಚ್ಯಂಕದಲ್ಲಿ 9 ವಿಭಾಗಗಳಿವೆ, ಒಂದು ಸಮಯದ್ದು. ಎಷ್ಟು ಗಂಟೆ ದುಡಿದಿರಿ, ಎಷ್ಟು ಗಂಟೆ ಮಲಗಿದಿರಿ ಅಂತ ನೋಡುತ್ತಾರೆ. ಅಂಥ ಪ್ರಶ್ನೆಗೆ ‘ಅಡ್ಡಿಲ್ಲೆ’ ಅನ್ನಲು ಆಗುವುದಿಲ್ಲ.

ಕುಮಟಾದ ಮೇಡಂ:
ಇದು ಮನಸ್ಸಿಗೆ ಹಿಡಿಸಿತು. ನಿನ್ನೆಯೇ ತರಗತಿಯಲ್ಲಿ ಎರಡು ಪ್ರಶ್ನೆ ಕೊಟ್ಟೆ. ರಾತ್ರಿ ಆಸ್ಪತ್ರೆ ಮುಟ್ಟಲು ಎಷ್ಟು ನಿಮಿಷ? ಕರೆದರೆ ಯಾರು ಬರುತ್ತಾರೆ? ಘಟ್ಟದ ಬುಡದ ಒಬ್ಬ ಹುಡುಗಿ ಬರೆದಿದ್ದಾಳೆ: “ಬೇಸಿಗೆಯಲ್ಲಿ 50 ನಿಮಿಷ. ಮಳೆಗಾಲದಲ್ಲಿ ಕಾಲುಸಂಕದ ಮೇಲೆ ನೀರು ಬಂದರೆ, ನೀರು ಇಳಿದ ಮೇಲೆ.”

ಸರ್, ಈ ಉತ್ತರವನ್ನು ಲೆಕ್ಕದಲ್ಲಿ ಹೇಗೆ ಬರೆದುಕೊಳ್ಳಲಿ?